ತಜ್ಞರ ಉತ್ತರ: ಇಂಟರ್ನೆಟ್ ಕಂಪನಿಯೇ ಕೆಟ್ಟದ್ದನ್ನು ಸೋಸಿ ಕೊಟ್ಟರೆ?

ಪ್ರಶ್ನೆ: ನಾನು ಸೇಡಂ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ಶಿಕ್ಷಕಿ. ನಮ್ಮ ಮಕ್ಕಳಲ್ಲಿ ಹಲವರ ತಂದೆತಾಯಿ ದುಡಿಯಲು ಪುಣೆ, ಮುಂಬೈ, ಬೆಂಗಳೂರಿಗೆ ಹೋಗಿದ್ದಾರೆ. ಮಕ್ಕಳು ಅಜ್ಜಿಯರ ಹತ್ತಿರ ಇದ್ದಾರೆ, ಕೈಯಲ್ಲಿ ಫೋನ್ ಇದೆ. ನೋಡಬಾರದ್ದನ್ನು ನೋಡುತ್ತಿರುವುದು ನಮ್ಮ ಗಮನಕ್ಕೆ ಬಂದಿದೆ. ಆಸ್ಟ್ರೇಲಿಯಾದಲ್ಲಿ ಸರ್ಕಾರವೇ ಮುಂದೆ ನಿಂತು, ಇಂಟರ್ನೆಟ್ ಕೊಡುವ ಕಂಪನಿಗಳ ಮೂಲಕ ಅಶ್ಲೀಲ ತಾಣಗಳನ್ನು ಸೋಸುವ ಪ್ರಯೋಗ ನಡೆಸಿತ್ತೆಂದು ಓದಿದ್ದೇನೆ. ಕಲಬುರಗಿ ಜಿಲ್ಲೆಯಲ್ಲೂ ಅಂಥ ಪ್ರಯೋಗ ನಡೆಸಬೇಕೆಂದು ಜಿಲ್ಲಾಧಿಕಾರಿಗಳಿಗೆ ಮನವಿ ಕೊಡಲು ನಮ್ಮ ಪಾಲಕರ ಸಭೆ ತೀರ್ಮಾನಿಸಿದೆ. ಇದು ತಾಂತ್ರಿಕವಾಗಿ ಆಗುವ ಕೆಲಸವೇ? ನೆಟ್ ನಿಧಾನವಾಗುವುದೇ? ಮನವಿಯಲ್ಲಿ ಏನು ಬರೆಯಬೇಕು?

ಉತ್ತರ: ಆಗುವ ಕೆಲಸವೇ ಎಂದರೆ, ಆಗುತ್ತದೆ, ಆದರೆ ನಿಮ್ಮ ಸಭೆಯವರು ಮನಸ್ಸಿನಲ್ಲಿಟ್ಟುಕೊಂಡಿರುವಷ್ಟು ಆಗುವುದಿಲ್ಲ. ನಿಮ್ಮ ಮೂರು ಪ್ರಶ್ನೆಗಳಲ್ಲಿ ಕೊನೆಯದೇ ಎಲ್ಲಕ್ಕಿಂತ ತೂಕದ್ದೆಂದು ನನಗನ್ನಿಸುತ್ತದೆ. ಏಕೆಂದರೆ ಇಂಥ ಪ್ರಯೋಗ ನಡೆಸಿದ ಸರ್ಕಾರ ಯಂತ್ರವನ್ನು ಬಹಳ ಶ್ರದ್ಧೆಯಿಂದ ಪರೀಕ್ಷಿಸಿತು, ಆ ಯಂತ್ರಕ್ಕೆ ಉಣಿಸುವ ಪಟ್ಟಿಯನ್ನು ಮಾತ್ರ ಪರೀಕ್ಷೆಯ ಹೊರಗೇ ಬಿಟ್ಟಿತು, ಮತ್ತು ಕೊನೆಗೆ ಯೋಜನೆ ಬಿದ್ದದ್ದಕ್ಕೂ ಆ ಪಟ್ಟಿಗೂ ಹತ್ತಿರದ ನಂಟಿದೆ.

ಆಸ್ಟ್ರೇಲಿಯಾದ ಕಥೆಯನ್ನೇ ಮೊದಲು ನೋಡೋಣ. 2007ರಲ್ಲಿ ಅಲ್ಲಿನ ಹಿಂದಿನ ಸರ್ಕಾರ 84 ಮಿಲಿಯನ್ ಡಾಲರ್ ಯೋಜನೆಯಡಿ ಮನೆಮನೆಯ ಕಂಪ್ಯೂಟರಿಗೆ ಉಚಿತ ಫಿಲ್ಟರ್ ತಂತ್ರಾಂಶ ಕೊಟ್ಟಿತ್ತು; ಮೆಲ್ಬರ್ನ್‌ನ 16 ವರ್ಷದ ಶಾಲಾ ಹುಡುಗನೊಬ್ಬ ಅದನ್ನು ಸುಮಾರು ಅರ್ಧ ಗಂಟೆಯಲ್ಲಿ ದಾಟಿ ತೋರಿಸಿದ. ಅದೇ ವರ್ಷದ ಕೊನೆಗೆ ಬಂದ ಹೊಸ ಸರ್ಕಾರದ ಸಂಪರ್ಕ ಸಚಿವ ಸ್ಟೀಫನ್ ಕಾನ್ರಾಯ್, ಮನೆಯಲ್ಲಿ ಸೋಸುವ ಬದಲು ಕಂಪನಿಯ ಹಂತದಲ್ಲೇ ಕಡ್ಡಾಯವಾಗಿ ಸೋಸುವ ಯೋಜನೆಯನ್ನು ಮುಂದಿಟ್ಟರು. 2008ರಲ್ಲಿ ಟ್ಯಾಸ್ಮೇನಿಯಾದ ಲಾನ್ಸೆಸ್ಟನ್‌ನಲ್ಲಿ ಪ್ರಯೋಗಾಲಯದ ಪರೀಕ್ಷೆ ನಡೆಯಿತು. ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರ ಅದರಲ್ಲಿದೆ: ಪರೀಕ್ಷೆಗೆ ಒಳಪಟ್ಟ ಆರು ಫಿಲ್ಟರುಗಳಲ್ಲಿ ಒಂದು ವೇಗವನ್ನು ಶೇ 2ಕ್ಕಿಂತ ಕಡಿಮೆ ಕುಗ್ಗಿಸಿತು, ಮೂರು ಶೇ 30ರ ಒಳಗೆ ಕುಗ್ಗಿಸಿದವು, ಉಳಿದೆರಡು ಶೇ 75ಕ್ಕಿಂತ ಹೆಚ್ಚು ಕುಗ್ಗಿಸಿಬಿಟ್ಟವು. ಅಂದರೆ ನಿಧಾನವಾಗುವುದೂ ಬಿಡುವುದೂ ಯಾವ ಯಂತ್ರವನ್ನು ತರುತ್ತೀರಿ, ಅದರಿಂದ ಏನೇನು ಸೋಸಿಸುತ್ತೀರಿ ಎಂಬುದರ ಮೇಲೆ ನಿಂತಿದೆ.

2009ರಲ್ಲಿ ಒಂಬತ್ತು ಕಂಪನಿಗಳು ನಿಜವಾದ ಗ್ರಾಹಕರ ಮೇಲೆ ಪ್ರಯೋಗ ನಡೆಸಿದವು. ಕೈಗೆ ಕೊಟ್ಟ ನಿಗದಿತ ಪಟ್ಟಿಯ ಪುಟಗಳನ್ನು ಶೇ 100ರಷ್ಟು ನಿಖರವಾಗಿ ತಡೆಯಬಹುದು, ವೇಗದ ಮೇಲಿನ ಪರಿಣಾಮ ಗಣನೆಗೆ ಬಾರದಷ್ಟು ಎಂದು ವರದಿ ಬಂತು, ಸಚಿವರು ಡಿಸೆಂಬರ್‌ನಲ್ಲಿ ಅದನ್ನೇ ಮುಂದೆ ಹಿಡಿದರು. ವರದಿಯ ಇನ್ನೊಂದು ಸಾಲನ್ನು ಮಾತ್ರ ಕಡಿಮೆ ಜನ ಓದಿದರು. ಪಟ್ಟಿಯನ್ನು ದಾಟಿ ‘ಇಂಥ ಬಗೆಯ ವಿಷಯವನ್ನೆಲ್ಲ ತಡೆ’ ಎಂದು ಹೇಳಿದಾಗ ನಿಖರತೆ ಶೇ 78ರಿಂದ 84ಕ್ಕೆ ಇಳಿದಿತ್ತು ಮತ್ತು ತಪ್ಪೇ ಇಲ್ಲದ ಪುಟಗಳಲ್ಲಿ ಶೇ 3.4ರವರೆಗೆ ಮುಚ್ಚಿಹೋಗಿದ್ದವು. ನಿಮ್ಮ ಪಾಲಕರು ಕೇಳುತ್ತಿರುವುದು ಈ ಎರಡನೆಯದನ್ನು. ಸರ್ಕಾರ ಗೆದ್ದೆವೆಂದು ತೋರಿಸಿದ್ದು ಮೊದಲನೆಯದನ್ನು.

ಆ ಪಟ್ಟಿ ಗುಟ್ಟಿನದಾಗಿತ್ತು. 2009ರ ಮಾರ್ಚ್‌ನಲ್ಲಿ ಅದು ಸೋರಿಕೆಯಾದಾಗ ಅದರಲ್ಲಿ ಕ್ವೀನ್ಸ್‌ಲ್ಯಾಂಡಿನ ದಂತವೈದ್ಯರೊಬ್ಬರ ತಾಣವೂ ಕಾಣಿಸಿಕೊಂಡಿತು. ಹಲ್ಲು ಕೀಳುವವರ ತಾಣ ಆ ಪಟ್ಟಿಗೆ ಹೇಗೆ ಸೇರಿತು, ಸೇರಿದ್ದು ಅವರಿಗೆ ಏಕೆ ತಿಳಿಯಲಿಲ್ಲ, ತೆಗೆಸಿಕೊಳ್ಳಲು ಅವರು ಯಾರ ಬಾಗಿಲು ಬಡಿಯಬೇಕಿತ್ತು ಎಂಬ ಮೂರು ಪ್ರಶ್ನೆಗಳಿಗೆ ವೇಗ ಅಳೆಯುವ ಯಾವ ಪರೀಕ್ಷೆಯಲ್ಲೂ ಉತ್ತರವಿರಲಿಲ್ಲ. 2012ರ ನವೆಂಬರ್‌ನಲ್ಲಿ ಸರ್ಕಾರ ಕಡ್ಡಾಯ ಫಿಲ್ಟರ್ ಯೋಜನೆಯನ್ನು ಕೈಬಿಟ್ಟು, ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಅತಿ ಹೀನ ತಾಣಗಳ ಇಂಟರ್‌ಪೋಲ್ ಪಟ್ಟಿಯನ್ನಷ್ಟೇ ಕಂಪನಿಗಳು ತಡೆಯಲಿ ಎಂಬಲ್ಲಿಗೆ ನಿಂತಿತು. ಅಷ್ಟಾದರೂ ಎಡವಟ್ಟು ನಿಲ್ಲಲಿಲ್ಲ. 2013ರಲ್ಲಿ ಅಲ್ಲಿನ ಹೂಡಿಕೆ ನಿಯಂತ್ರಕ ಸಂಸ್ಥೆ ವಂಚಕರ ತಾಣವೊಂದನ್ನು ಮುಚ್ಚಿಸಲು ಅದರ ಐಪಿ ವಿಳಾಸವನ್ನು, ಅಂದರೆ ತಾಣ ಕುಳಿತಿರುವ ಯಂತ್ರದ ಅಂಕಿಯ ವಿಳಾಸವನ್ನು, ತಡೆಯಲು ಹೇಳಿತು. ಅದೇ ವಿಳಾಸದಲ್ಲಿ ಬಿಡಾರ ಹೂಡಿದ್ದ ಸುಮಾರು 1,200 ಬೇರೆ ತಾಣಗಳೂ ಕತ್ತಲಾದವು. ಒಂದೇ ವಠಾರದ ಬಾಗಿಲಿಗೆ ಬೀಗ ಜಡಿದರೆ ಒಳಗಿನ ಬಾಡಿಗೆದಾರರೆಲ್ಲ ಸಿಕ್ಕಿಕೊಂಡಂತೆ.

ಈಗ ತಂತ್ರದ ಮಾತಿಗೆ ಬರುತ್ತೇನೆ, ಏಕೆಂದರೆ 2009ರ ಫಲಿತಾಂಶವನ್ನು ಇವತ್ತಿನ ಕಲಬುರಗಿಗೆ ತಂದು ಹಚ್ಚಲು ಬರುವುದಿಲ್ಲ. ನಮ್ಮ ಗಂಜಿನ ದಾಲ್ ಮಿಲ್ಲುಗಳಲ್ಲಿ ತೊಗರಿಯನ್ನು ಜರಡಿಗೆ ಸುರಿಯುವ ಮುನ್ನ ಚೀಲದ ಬಾಯಿ ಬಿಚ್ಚುತ್ತಾರೆ. ಬಿಚ್ಚಿದ ಮೇಲೇ ಕಲ್ಲು ಯಾವುದು, ಕಾಳು ಯಾವುದು ಎಂದು ತಿಳಿಯುವುದು. ಆಗಿನ ಇಂಟರ್ನೆಟ್ಟಿನ ಬಹುಪಾಲು ಬಾಯಿ ಬಿಚ್ಚಿದ ಚೀಲದಂತೆಯೇ ಹರಿಯುತ್ತಿತ್ತು. ನಡುವೆ ಕುಳಿತ ಕಂಪನಿ ಗ್ರಾಹಕ ಯಾವ ತಾಣದ ಯಾವ ಪುಟ ಕೇಳುತ್ತಿದ್ದಾನೆಂಬುದನ್ನು ಓದಬಹುದಿತ್ತು. ಇಂದು ಹೆಚ್ಚುಕಡಿಮೆ ಎಲ್ಲ ತಾಣಗಳೂ ಸಾಗುವ ಮಾಹಿತಿಯನ್ನು ಗೂಢಲಿಪಿಯಲ್ಲಿ ಮುಚ್ಚುವ ಎಚ್‌ಟಿಟಿಪಿಎಸ್ ಬಳಸುತ್ತವೆ, ಅಂದರೆ ಚೀಲದ ಬಾಯಿ ಹೊಲಿದೇ ಬರುತ್ತದೆ. ಕಂಪನಿಗೆ ಕಾಣುವುದು ಚೀಲಕ್ಕೆ ಕಟ್ಟಿದ ಚೀಟಿ ಮಾತ್ರ. ಬ್ರೌಸರ್ ಮೊದಲಿಗೆ ತಾಣದ ಹೆಸರನ್ನು ಐಪಿ ವಿಳಾಸಕ್ಕೆ ಬದಲಿಸಿಕೊಡುವ ಡಿಎನ್‌ಎಸ್ ಎಂಬ ಹೆಸರಿನ ಪುಸ್ತಕವನ್ನು ಕೇಳುತ್ತದೆ. ನಂತರ ಸಂಪರ್ಕ ಕುದುರಿಸುವಾಗ ಎಸ್‌ಎನ್‌ಐ ಎಂಬ ಜಾಗದಲ್ಲಿ ತಾಣದ ಹೆಸರನ್ನು ಮತ್ತೊಮ್ಮೆ ಬಿಚ್ಚಕ್ಷರದಲ್ಲಿ ಹೇಳುತ್ತದೆ. ಈ ಎರಡು ಚೀಟಿಗಳನ್ನು ಓದಿ ‘ಈ ಚೀಲ ಬೇಡ’ ಎಂದು ಪಕ್ಕಕ್ಕೆ ಇಡಬಹುದು. ಚೀಲದೊಳಗಿನ ಒಂದು ಹಿಡಿ ಕಲ್ಲನ್ನಷ್ಟೇ ಆರಿಸಲು ಸಾಧ್ಯವಿಲ್ಲ. ಈ ಎರಡು ಚೀಟಿಗಳನ್ನೂ ಮುಚ್ಚುವ ಹೊಸ ವಿಧಾನಗಳು ಬ್ರೌಸರುಗಳಲ್ಲಿ ಬಂದಾಗಿದೆ. ಎಲ್ಲವನ್ನೂ ಬೇರೆಡೆಯ ಯಂತ್ರದ ಮೂಲಕ ಗುಟ್ಟಾಗಿ ಸಾಗಿಸುವ ವಿಪಿಎನ್ ಹಾಕಿಕೊಂಡವನಿಗಂತೂ ಕೇಳುವುದೇ ಬೇಡ. ಹತ್ತನೆಯ ತರಗತಿಯ ಯಾವ ಹುಡುಗನನ್ನು ಕೇಳಿದರೂ ಅದನ್ನು ಹಾಕಿಕೊಳ್ಳುವುದು ಹೇಗೆಂದು ನಿಮಗೇ ಪಾಠ ಹೇಳಿಯಾನು.

ಈ ಮಿತಿ ಕಾಗದದ ಮೇಲಿನದಲ್ಲ ಎಂಬುದಕ್ಕೆ ನನ್ನದೇ ಅನುಭವ ಹೇಳುತ್ತೇನೆ. ಕೆಲವು ವರ್ಷ ನಾನು ಕಲಬುರಗಿಯ ಒಂದು ಸಣ್ಣ ಇಂಟರ್ನೆಟ್ ಸಂಸ್ಥೆಯ ಜಾಲ ನೋಡಿಕೊಳ್ಳುತ್ತಿದ್ದೆ. ಬಟ್ಟೆ ಅಂಗಡಿಯ ಮೇಲಿನ ಒಂದು ಕೋಣೆ, ಹಳದಿ ಫೈಬರ್ ಎಳೆಗಳ ಸಿಕ್ಕು, ಬ್ಯಾಟರಿಗಳ ಸಾಲು, ಮೇ ತಿಂಗಳಲ್ಲಿ ಜನರಿಗಿಂತ ಮೊದಲು ಯಂತ್ರಗಳ ಕಡೆಗೆ ತಿರುಗಿಸಿಡುತ್ತಿದ್ದ ಒಂದು ಕೂಲರ್. ಒಂದು ಸಂಜೆ ತಡೆ ಆದೇಶ ಮಿಂಚಂಚೆಯಲ್ಲಿ ಬಂತು. ಕಾಗದವನ್ನು ಸ್ಕ್ಯಾನ್ ಮಾಡಿ ಕಳಿಸಿದ್ದರಿಂದ ವಿಳಾಸಗಳನ್ನು ನಕಲು ಮಾಡಿ ಅಂಟಿಸಲು ಬರುತ್ತಿರಲಿಲ್ಲ, ಕಣ್ಣಿನಿಂದ ಓದಿ ಕೈಯಿಂದ ಟೈಪ್ ಮಾಡಬೇಕಿತ್ತು. ಪಟ್ಟಿಯ ಒಂದು ಸಾಲಿನಲ್ಲಿ ಸಾವಿರಾರು ಜನ ಬರೆಯುವ ಒಂದು ದೊಡ್ಡ ತಾಣದ ಒಂದೇ ಒಂದು ಪುಟದ ವಿಳಾಸವಿತ್ತು. ನಮ್ಮ ಉಪಕರಣಕ್ಕೆ ಪುಟ ಗೊತ್ತಿಲ್ಲ, ತಾಣ ಮಾತ್ರ ಗೊತ್ತು. ಆದೇಶ ಪಾಲಿಸದಿದ್ದರೆ ಪರವಾನಗಿಗೆ ಸಂಚಕಾರ. ಹೆಚ್ಚು ಮುಚ್ಚಿದರೆ ಕೇಳುವವರಿಲ್ಲ. ನಾವು ಏನು ಮಾಡಿದೆವೆಂದು ಬಿಡಿಸಿ ಹೇಳಬೇಕಿಲ್ಲ. ವಿಳಾಸದಲ್ಲಿ ತಾಣದ ಹೆಸರಾದ ಮೇಲಿನ ಓರೆಗೆರೆಯ (/) ನಂತರ ಇದ್ದ ಅಷ್ಟನ್ನೂ ಬಿಟ್ಟು ಇಡೀ ತಾಣವನ್ನೇ ಮುಚ್ಚಿದೆವು. ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದ ಹುಡುಗಿಯೊಬ್ಬಳು ತನ್ನ ಟಿಪ್ಪಣಿಗಳೆಲ್ಲ ಆ ತಾಣದಲ್ಲಿವೆ ಎಂದು ಮೂರು ದಿನ ಫೋನ್ ಮಾಡಿದಳು. ಫೋನ್ ಎತ್ತುತ್ತಿದ್ದ ನಮ್ಮ ಹುಡುಗ ಮೂರು ದಿನವೂ ‘ರೂಟರ್ ಆಫ್ ಮಾಡಿ ಆನ್ ಮಾಡಿ ಅಕ್ಕಾ’ ಎಂದ. ಅವನಿಗೆ ತಡೆಯ ವಿಷಯ ನಾನು ಹೇಳಿರಲಿಲ್ಲ.

ಇದು ನಮ್ಮೊಬ್ಬರ ಹಣೆಬರಹವಲ್ಲ. 2003ರಲ್ಲಿ ಯಾಹೂವಿನ ಒಂದೇ ಒಂದು ಗುಂಪನ್ನು ತಡೆಯಿರಿ ಎಂದು ಕೇಂದ್ರ ಹೇಳಿದಾಗ ನಮ್ಮ ದೇಶದ ಕಂಪನಿಗಳು ಯಾಹೂ ಗುಂಪುಗಳನ್ನೆಲ್ಲ ಮುಚ್ಚಿದವು. 2006ರ ಜುಲೈನಲ್ಲಿ ಕೆಲವೇ ಪುಟಗಳ ಪಟ್ಟಿ ಬಂದಾಗ ಬ್ಲಾಗ್‌ಸ್ಪಾಟ್ ಪೂರ್ತಿ ಹೋಯಿತು. 2014ರ ಡಿಸೆಂಬರ್‌ನಲ್ಲಿ ತಡೆಯಾದ 32 ತಾಣಗಳಲ್ಲಿ ತಂತ್ರಾಂಶ ಬರೆಯುವವರ ಗಿಟ್‌ಹಬ್ ಕೂಡ ಇತ್ತು. ಬ್ರಿಟನ್ನಿನವರು ಇದಕ್ಕಿಂತ ಜಾಣ ಏರ್ಪಾಡು ಮಾಡಿಕೊಂಡಿದ್ದರು: ಮೊದಲು ಐಪಿ ವಿಳಾಸ ನೋಡಿ, ಅನುಮಾನ ಬಂದವನ್ನು ಮಾತ್ರ ಎರಡನೆಯ ಯಂತ್ರಕ್ಕೆ ಕಳಿಸಿ ಪುಟವನ್ನು ಹೋಲಿಸುವ ಎರಡು ಹಂತದ ಜರಡಿ. 2008ರ ಡಿಸೆಂಬರ್‌ನಲ್ಲಿ ವಿಕಿಪೀಡಿಯದ ಒಂದು ಪುಟ ಪಟ್ಟಿಗೆ ಸೇರಿದ ಕೂಡಲೇ ಆ ಜಾಣತನವೇ ತೊಡಕಾಯಿತು. ಬ್ರಿಟನ್ನಿನ ಲಕ್ಷಾಂತರ ಓದುಗರು ಎರಡನೆಯ ಯಂತ್ರದ ಕೆಲವೇ ವಿಳಾಸಗಳಿಂದ ಬಂದವರಂತೆ ವಿಕಿಪೀಡಿಯಕ್ಕೆ ಕಂಡರು. ಅವರಲ್ಲಿ ಯಾರೋ ಒಬ್ಬ ಪುಂಡ ಪುಟ ಕೆಡಿಸಿದರೂ ಎಲ್ಲರ ಬರೆಯುವ ಅವಕಾಶ ತಪ್ಪುತ್ತಿತ್ತು. ಕೆಲವೇ ದಿನಗಳಲ್ಲಿ ಆ ಪುಟವನ್ನು ಪಟ್ಟಿಯಿಂದ ತೆಗೆಯಲಾಯಿತು.

ಶಬ್ದ ನೋಡಿ ತಡೆಯುವ ಫಿಲ್ಟರ್ ಬಗ್ಗೆಯೂ ನಿಮ್ಮ ಸಭೆಯಲ್ಲಿ ಯಾರಾದರೂ ಹೇಳಬಹುದು. ಹೊಲಿದ ಚೀಲದಲ್ಲಿ ಕಂಪನಿ ಶಬ್ದ ಓದಲಾರದಾದ್ದರಿಂದ ಅದು ಫೋನಿನಲ್ಲಿ ಅಥವಾ ಶಾಲೆಯ ಕಂಪ್ಯೂಟರಿನಲ್ಲಿ ಕೂರಿಸುವ ತಂತ್ರಾಂಶದ ಮಾತು. ಅಲ್ಲಿಯೂ ಕನ್ನಡಕ್ಕೆ ಅದು ತಕ್ಕದ್ದಲ್ಲ. ಯಾದಗಿರಿ ಜಿಲ್ಲೆಯ ಮುದನೂರಿನ ದಾಸಿಮಯ್ಯ ಹೆಣ್ಣು ಗಂಡೆಂಬ ಭೇದವನ್ನು ಪ್ರಶ್ನಿಸಿದ ಪ್ರಸಿದ್ಧ ವಚನದ ಮೊದಲ ಪದವೇ ‘ಮೊಲೆ’. ಅದು ನಿಮ್ಮ ಮಕ್ಕಳು ಓದಬೇಕಾದ ವಚನ. ಬಾಣಂತಿಯರಿಗೆ ಆಶಾ ಕಾರ್ಯಕರ್ತೆ ತೋರಿಸುವ ಮೊಲೆಹಾಲಿನ ಮಾಹಿತಿಯಲ್ಲೂ ಅದೇ ಪದವಿದೆ. ಇವನ್ನು ಹಿಡಿದುಹಾಕುವ ಫಿಲ್ಟರ್, ಕನ್ನಡದ ಬೈಗುಳವನ್ನು ಇಂಗ್ಲಿಷ್ ಅಕ್ಷರದಲ್ಲಿ ಹತ್ತು ಬಗೆಯಾಗಿ ಬರೆದದ್ದನ್ನು ಆರಾಮಾಗಿ ಒಳಗೆ ಬಿಡುತ್ತದೆ.

ಕಾನೂನಿನ ಸ್ಥಿತಿಯನ್ನು ಚಿಕ್ಕದಾಗಿ ಹೇಳುತ್ತೇನೆ, ಮನವಿ ಬರೆಯುವಾಗ ಬೇಕಾಗುತ್ತದೆ. ತಾಣಗಳನ್ನು ತಡೆಯಲು ಆದೇಶಿಸುವ ಮುಖ್ಯ ಅಧಿಕಾರ ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ಎ ಕಲಮಿನಲ್ಲಿದೆ, ಅದು ಕೇಂದ್ರ ಸರ್ಕಾರದ್ದು. ದೇಶದ ಸಾರ್ವಭೌಮತೆ, ರಕ್ಷಣೆ, ಭದ್ರತೆ, ವಿದೇಶಗಳೊಡನೆ ಸ್ನೇಹಸಂಬಂಧ, ಸಾರ್ವಜನಿಕ ಸುವ್ಯವಸ್ಥೆ ಮತ್ತು ಇವುಗಳಿಗೆ ಸಂಬಂಧಿಸಿದ ಸಂಜ್ಞೇಯ ಅಪರಾಧಕ್ಕೆ (ವಾರಂಟ್ ಇಲ್ಲದೆ ಪೊಲೀಸರು ಬಂಧಿಸಬಹುದಾದಂಥದ್ದು) ಪ್ರಚೋದನೆ, ಇವೇ ಅದರ ಆಧಾರಗಳು. ಅಶ್ಲೀಲತೆ ಆ ಪಟ್ಟಿಯಲ್ಲಿಲ್ಲ. ಹಾಗಾಗಿ 2015ರ ಜುಲೈ 31ರಂದು 857 ತಾಣಗಳನ್ನು ತಡೆಯುವಾಗ ದೂರಸಂಪರ್ಕ ಇಲಾಖೆ ಮಧ್ಯವರ್ತಿ ಕಂಪನಿಗಳ ಹೊಣೆಯನ್ನು ಹೇಳುವ, ಅದೇ ಕಾಯ್ದೆಯ 79ನೆಯ ಕಲಮಿನ ಉಪಕಲಮೊಂದನ್ನು ಆಶ್ರಯಿಸಿತು. ಗದ್ದಲವಾದ ಮೇಲೆ ಕೆಲವೇ ದಿನಗಳಲ್ಲಿ, ಮಕ್ಕಳನ್ನು ಬಳಸಿದ ಅಶ್ಲೀಲತೆ ಇಲ್ಲದ ತಾಣಗಳನ್ನು ತಡೆಯಬೇಕಿಲ್ಲ ಎಂದಿತು. ಯಾವುದರಲ್ಲಿ ಇದೆ, ಯಾವುದರಲ್ಲಿ ಇಲ್ಲ ಎಂದು ನೋಡುತ್ತ ಕೂರುವುದು ನಮ್ಮ ಕೆಲಸವೇ ಎಂದು ಕಂಪನಿಗಳು ತಿರುಗಿ ಕೇಳಿದವು, ಮತ್ತು ಅದು ನ್ಯಾಯವಾದ ಪ್ರಶ್ನೆಯಾಗಿತ್ತು. ಅದೇ ವರ್ಷ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ ಆನ್‌ಲೈನಿನ ಆಕ್ಷೇಪಾರ್ಹ ಬರಹಕ್ಕೆ ಶಿಕ್ಷೆ ಹೇಳುತ್ತಿದ್ದ 66ಎ ಕಲಮನ್ನು ಹೊಡೆದುಹಾಕಿದರೂ 69ಎ ಕಲಮನ್ನು ಎತ್ತಿಹಿಡಿಯಿತು. ಕಾರಣಗಳನ್ನು ಬರಹದಲ್ಲಿ ದಾಖಲಿಸಬೇಕು, ಸಮಿತಿ ಪರಿಶೀಲಿಸಬೇಕು ಎಂಬ ರಕ್ಷಣೆಗಳು ಅದರಲ್ಲಿವೆ ಎಂಬುದನ್ನು ನ್ಯಾಯಾಲಯ ಗಣನೆಗೆ ತೆಗೆದುಕೊಂಡಿತ್ತು. ಆದರೆ 69ಎ ಕಲಮಿನಡಿ ಮಾಡಿದ 2009ರ ನಿಯಮಗಳು ದೂರು ಮತ್ತು ಕ್ರಮಗಳನ್ನು ಗೋಪ್ಯವಾಗಿಡಬೇಕೆಂದೂ ಹೇಳುತ್ತವೆ. ಕ್ವೀನ್ಸ್‌ಲ್ಯಾಂಡಿನ ದಂತವೈದ್ಯರ ಪಾಡು ಸೇಡಂನ ಅಂಗಡಿಯವನಿಗೂ ಬರಬಹುದಾದ ಬಾಗಿಲು ಅದು.

ಒಂದು ವಿಷಯದಲ್ಲಿ ಮಾತ್ರ ನನಗೆ ಅರೆಮನಸ್ಸಿಲ್ಲ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಚಿತ್ರಗಳನ್ನು ಕಂಪನಿಯ ಹಂತದಲ್ಲಿ ತಡೆಯಲೇಬೇಕು. ಅದನ್ನು ಹರಡುವುದು, ಹುಡುಕುವುದು, ಡೌನ್‌ಲೋಡ್ ಮಾಡುವುದು ಅದೇ ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಬಿ ಕಲಮಿನಡಿ ಅಪರಾಧ. ಇಟ್ಟುಕೊಳ್ಳುವುದು ಪೋಕ್ಸೊ ಕಾಯ್ದೆಯಡಿ ಅಪರಾಧವಾಗುವುದು ಹೇಗೆಂಬುದನ್ನು 2024ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಇನ್ನಷ್ಟು ಬಿಗಿಯಾಗಿ ವಿವರಿಸಿದೆ. ಈ ಬಗೆಯ ಪಟ್ಟಿ ಚಿಕ್ಕದು, ಗಡಿ ಸ್ಪಷ್ಟ, ಮನುಷ್ಯರು ನೋಡಿ ಸೇರಿಸುವಂಥದು. ಬ್ರಿಟನ್ನಿನ ಇಂಟರ್ನೆಟ್ ವಾಚ್ ಫೌಂಡೇಶನ್ ಸಿದ್ಧಪಡಿಸುವ ಅಂಥ ಪಟ್ಟಿಯನ್ನು ಅಳವಡಿಸಿಕೊಳ್ಳುವಂತೆ 2017ರಲ್ಲೇ ಕೇಂದ್ರ ಸರ್ಕಾರ ನಮ್ಮ ಸೇವಾದಾರರಿಗೆ ಹೇಳಿದೆ. ಆದ್ದರಿಂದ ಹೊಸ ಪ್ರಯೋಗದ ಅಗತ್ಯವಿಲ್ಲ. ಇರುವ ಆದೇಶ ನಮ್ಮ ಜಿಲ್ಲೆಯ ಸಣ್ಣ ಸಂಸ್ಥೆಗಳ ತನಕ ಬಂದು ಮುಟ್ಟಿದೆಯೇ ಎಂದು ಕೇಳುವ ಅಗತ್ಯವಿದೆ.

ನಿಮ್ಮ ನಿಜವಾದ ಚಿಂತೆ ಅಜ್ಜಿಯ ಮನೆಯ ಫೋನ್ ಎಂದು ನನಗೆ ಅರ್ಥವಾಗಿದೆ. ಮನೆಯ ರೂಟರಿನಲ್ಲಿ ಡಿಎನ್‌ಎಸ್ ವಿಳಾಸವನ್ನು ಕ್ಲೌಡ್‌ಫ್ಲೇರ್ ಸಂಸ್ಥೆಯ 1.1.1.3ಕ್ಕೆ ಬದಲಿಸಿದರೆ ವಯಸ್ಕರ ತಾಣಗಳು ಬಹುಪಾಲು ತೆರೆಯುವುದಿಲ್ಲ, ಇದಕ್ಕೆ ಹಣವೂ ಬೇಕಿಲ್ಲ ಎಂದು ನಗರದ ಪಾಲಕರಿಗೆ ನಾನು ಐದು ನಿಮಿಷದಲ್ಲಿ ಹೇಳಿಬಿಡುತ್ತೇನೆ. ಮಕ್ಕಳ ಫೋನಿನ ಮೇಲೆ ಪಾಲಕರು ಹಿಡಿತವಿಟ್ಟುಕೊಳ್ಳುವ ಗೂಗಲ್ಲಿನ ಫ್ಯಾಮಿಲಿ ಲಿಂಕ್ ಹಾಕಿಕೊಳ್ಳಿ ಎನ್ನುತ್ತೇನೆ. ನಿಮ್ಮ ಊರಿನ ಮನೆಯಲ್ಲಿ ರೂಟರೇ ಇಲ್ಲ. ಇರುವುದು ದಿನದ ಡೇಟಾ ಪ್ಯಾಕಿನ ಒಂದು ಸಿಮ್. ಅಜ್ಜಿಗೆ ಫೋನಿನ ಸೆಟ್ಟಿಂಗ್ ತೆರೆಯಲು ಮೊಮ್ಮಗನೇ ಬೇಕು. ಕಂಪನಿಯ ಹಂತದ ಫಿಲ್ಟರಿನ ಪರವಾಗಿ ನಾನು ಕೇಳಿದ ವಾದಗಳಲ್ಲಿ ಅತ್ಯಂತ ಗಟ್ಟಿಯಾದದ್ದು ಇದೇ, ಮತ್ತು ಬೆಂಗಳೂರಿನಲ್ಲಿ ಕುಳಿತು ‘ಪಾಲಕರು ನೋಡಿಕೊಳ್ಳಲಿ’ ಎನ್ನುವವರು ಇದಕ್ಕೆ ಸರಿಯಾಗಿ ಉತ್ತರಿಸಿದ್ದನ್ನು ನಾನು ಕಂಡಿಲ್ಲ.

ಆದರೂ ಕಡ್ಡಾಯವಲ್ಲದ ಒಂದು ನಡುದಾರಿ ಇದೆ. 2013ರಿಂದ ಬ್ರಿಟನ್ನಿನ ನಾಲ್ಕು ದೊಡ್ಡ ಕಂಪನಿಗಳು ಹೊಸ ಗ್ರಾಹಕರಿಗೆಲ್ಲ ‘ಕುಟುಂಬ ಫಿಲ್ಟರ್ ಬೇಕೇ, ಬೇಡವೇ’ ಎಂದು ಕೇಳತೊಡಗಿದವು. 2014ರಲ್ಲಿ ಅಲ್ಲಿನ ನಿಯಂತ್ರಕ ಸಂಸ್ಥೆ ಆಫ್‌ಕಾಮ್ ಲೆಕ್ಕ ಹಾಕಿದಾಗ ಬೇಕೆಂದವರು ಒಂದು ಕಂಪನಿಯಲ್ಲಿ ಶೇ 36, ಉಳಿದ ಮೂರರಲ್ಲಿ ಶೇ 4ರಿಂದ 8. ಇದನ್ನು ಸೋಲೆನ್ನುವವರಿದ್ದಾರೆ. ಶೇ 36 ಬಂದ ಕಂಪನಿ ಈ ಏರ್ಪಾಡನ್ನು ಉಳಿದವರಿಗಿಂತ ಎರಡು ವರ್ಷ ಮೊದಲೇ ಶುರು ಮಾಡಿತ್ತೆಂಬುದನ್ನು ನೋಡಿದರೆ, ಕೇಳುವ ರೀತಿ ಮತ್ತು ಕೇಳುತ್ತ ಬಂದ ಕಾಲ ಎರಡೂ ಲೆಕ್ಕಕ್ಕೆ ಬರುತ್ತವೆ ಎಂದು ನಾನು ಓದುತ್ತೇನೆ. ಮಕ್ಕಳ ಕೈಯಲ್ಲಿರುವ ಸಿಮ್ಮಿಗೆ, ಪುಣೆಯಲ್ಲಿರುವ ತಂದೆ ಒಂದು ಎಸ್‌ಎಂಎಸ್ ಕಳಿಸಿ ಫಿಲ್ಟರ್ ಹಾಕಿಸುವಂತಾದರೆ, ತೆಗೆಯಲು ಅವನ ನಂಬರಿನಿಂದಲೇ ಒಪ್ಪಿಗೆ ಹೋಗಬೇಕೆಂದಾದರೆ, ಅಜ್ಜಿಯ ಮೇಲಿನ ಭಾರ ಇಳಿಯುತ್ತದೆ. ಬೇರೆಯವರ ಓದಿಗೆ ಅಡ್ಡಿಯೂ ಇಲ್ಲ.

ಇಷ್ಟಾದ ಮೇಲೂ ಒಂದು ದೊಡ್ಡ ತೂತು ಉಳಿಯುತ್ತದೆ, ಅದನ್ನು ಸಭೆಯಲ್ಲಿ ಮುಚ್ಚಿಡಬೇಡಿ. ನಮ್ಮ ಹಳ್ಳಿಯ ಹುಡುಗರ ಫೋನಿಗೆ ಕೆಟ್ಟ ವೀಡಿಯೊ ಬರುವ ಮುಖ್ಯ ದಾರಿ ತಾಣಗಳಿಗಿಂತ ಹೆಚ್ಚಾಗಿ ವಾಟ್ಸ್‌ಆ್ಯಪ್ ಗುಂಪುಗಳು, ಟೆಲಿಗ್ರಾಂ ಚಾನೆಲ್ಲುಗಳು. ವಾಟ್ಸ್‌ಆ್ಯಪ್ಪಿನ ಸಂದೇಶ ಕಳಿಸಿದವನಿಂದ ಪಡೆದವನವರೆಗೆ ಗೂಢಲಿಪಿಯಲ್ಲೇ ಸಾಗುತ್ತದೆ. ಕಂಪನಿಗೆ ಅದರಲ್ಲಿ ಗಣಿತದ ಲೆಕ್ಕದ ವೀಡಿಯೊ ಇದೆಯೋ ಮತ್ತೊಂದು ಇದೆಯೋ ತಿಳಿಯುವ ಯಾವ ಉಪಾಯವೂ ಇಲ್ಲ, ಎಷ್ಟು ಕೋಟಿಯ ಫಿಲ್ಟರ್ ತಂದರೂ ಇಲ್ಲ.

ಇನ್ನು ಮನವಿ. ‘ಅಶ್ಲೀಲ ತಾಣಗಳನ್ನೆಲ್ಲ ತಡೆಯಬೇಕು’ ಎಂಬ ವಾಕ್ಯವಿದ್ದರೆ ತೆಗೆದುಹಾಕಿ. ಅದು ಜಿಲ್ಲಾಧಿಕಾರಿಗಳ ಕೈಯಲ್ಲಿಲ್ಲ, ಹಿಂಬರಹ ಬಿದ್ದು ಮೇಲಿನ ಕಚೇರಿಗೆ ಹೋಗಿ ಅಲ್ಲಿಯೇ ಕುಳಿತುಕೊಳ್ಳುತ್ತದೆ. ಬದಲಿಗೆ, ಮಕ್ಕಳ ದೌರ್ಜನ್ಯದ ತಾಣಗಳ ತಡೆಪಟ್ಟಿ ಜಿಲ್ಲೆಯ ಎಲ್ಲ ಸೇವಾದಾರರಲ್ಲಿ ಜಾರಿಯಲ್ಲಿದೆಯೇ ಎಂದು ದೂರಸಂಪರ್ಕ ಇಲಾಖೆಯಿಂದ ಉತ್ತರ ತರಿಸಿಕೊಡಲು ಕೇಳಿ. ಪಾಲಕರ ಒಪ್ಪಿಗೆಯ ಮೇಲೆ ನಡೆಯುವ ಸಿಮ್ ಫಿಲ್ಟರನ್ನು ಒಂದು ತಾಲ್ಲೂಕಿನಲ್ಲಿ ಪ್ರಯೋಗಿಸಲು ಮೊಬೈಲ್ ಕಂಪನಿಗಳೊಂದಿಗೆ ಮಾತನಾಡಿ ಎಂದು ಬರೆಯಿರಿ. ಆ ಪ್ರಯೋಗದಲ್ಲಿ ವೇಗದ ಜೊತೆಗೆ ಇನ್ನೆರಡನ್ನು ಅಳೆಯಬೇಕೆಂದು ಒತ್ತಿ ಬರೆಯಿರಿ: ತಪ್ಪಾಗಿ ಮುಚ್ಚಿದ ತಾಣದ ದೂರು ಎಷ್ಟು ದಿನದಲ್ಲಿ ಬಗೆಹರಿಯಿತು, ಮತ್ತು ಮುಚ್ಚಿದ ತಾಣ ತೆರೆಯಲು ಹೋದವನಿಗೆ ‘ಇದನ್ನು ಇಂಥ ಕಾರಣಕ್ಕೆ ತಡೆಯಲಾಗಿದೆ, ದೂರಿಗೆ ಇಲ್ಲಿ ಕೇಳಿ’ ಎಂಬ ಪುಟ ಕನ್ನಡದಲ್ಲಿ ಕಂಡಿತೇ, ಅಥವಾ ಸುಮ್ಮನೆ ಚಕ್ರ ತಿರುಗುತ್ತಿತ್ತೇ.

ನಿರ್ದಿಷ್ಟವಾದ ಯಾವುದಾದರೂ ತಾಣ 69ಎ ಆಧಾರಗಳೊಳಗೆ ಬರುತ್ತದೆಂದು ನಿಮಗನ್ನಿಸಿದರೆ, ನಿಯಮದ ಪ್ರಕಾರ ದೂರನ್ನು ರಾಜ್ಯ ಸರ್ಕಾರದ ನೋಡಲ್ ಅಧಿಕಾರಿಗೆ ಬರೆಯಬೇಕು, ಅದು ಮುಖ್ಯ ಕಾರ್ಯದರ್ಶಿಯವರ ಒಪ್ಪಿಗೆಯೊಂದಿಗೆ ಕೇಂದ್ರದ ಅಧಿಕಾರಿಗೆ ಹೋಗುತ್ತದೆ. ನಿಮ್ಮ ಶಾಲೆಯ ಮಗುವಿನದೇ ಚಿತ್ರವೋ ವೀಡಿಯೊವೋ ಎಲ್ಲಾದರೂ ಹರಿದಾಡುತ್ತಿದ್ದರೆ ಈ ಯಾವ ದಾರಿಯನ್ನೂ ಕಾಯಬೇಡಿ. ಅಂದೇ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೂ ಮಕ್ಕಳ ಸಹಾಯವಾಣಿ 1098ಕ್ಕೂ ಫೋನ್ ಮಾಡಿ, ಆ ವೀಡಿಯೊವನ್ನು ಸಾಕ್ಷಿಗೆಂದು ಕೂಡ ಬೇರೆ ಶಿಕ್ಷಕರಿಗೆ ಫಾರ್ವರ್ಡ್ ಮಾಡಬೇಡಿ; ಬಂದ ಫೋನನ್ನು ಹಾಗೆಯೇ ಇಟ್ಟುಕೊಂಡು ಠಾಣೆಗೆ ಹೋಗಿ.